ಮೂರನೇ ಸಾಲಿನ ಆಕ್ಸೈಡ್‌ಗಳು: ಬಾಯಿಪಾಠ ಬಿಟ್ಟು ಕಲಿಯುವ ದಾರಿ

ಆವರ್ತಕ ಕೋಷ್ಟಕದ ಮೂರನೇ ಸಾಲಿನಲ್ಲಿ ಎಂಟು ಮೂಲವಸ್ತುಗಳಿವೆ: ಸೋಡಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾನ್, ರಂಜಕ ಅಂದರೆ ಫಾಸ್ಫರಸ್, ಗಂಧಕ ಅಂದರೆ ಸಲ್ಫರ್, ಕ್ಲೋರಿನ್, ಆರ್ಗಾನ್. ಇವುಗಳ ಮೇಲೆ ಬರುವ ಪ್ರಶ್ನೆಗಳು ಹೆಚ್ಚಾಗಿ ಎರಡೇ. ಎಡದಿಂದ ಬಲಕ್ಕೆ ಹೋದ ಹಾಗೆ ಕ್ರಿಯಾಶೀಲತೆ ಹೇಗೆ ಬದಲಾಗುತ್ತದೆ? ಆಕ್ಸೈಡ್‌ಗಳ, ಅಂದರೆ ಇವು ಆಕ್ಸಿಜನ್ ಜೊತೆ ಸೇರಿ ಆಗುವ ಸಂಯುಕ್ತಗಳ, ಗುಣ ಹೇಗೆ ಬದಲಾಗುತ್ತದೆ?

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಹತ್ತರವರೆಗೆ ಇದನ್ನೆಲ್ಲ ಕನ್ನಡದಲ್ಲಿ ಓದುತ್ತಾರೆ. ಪ್ಲಸ್ ಒನ್‌ಗೆ ಕಾಲಿಟ್ಟ ಕೂಡಲೇ ಅದೇ ಪಾಠ ಇಂಗ್ಲಿಷಿನಲ್ಲಿ, ಇನ್ನಷ್ಟು ದಪ್ಪವಾಗಿ ಎದುರಿಗೆ ಬಂದು ನಿಲ್ಲುತ್ತದೆ. ಆಗ ಬಾಯಿಪಾಠವೇ ಗತಿ ಅಂತ ಅನಿಸುವುದು ಸಹಜ. ಆದರೆ ಈ ಪಾಠಕ್ಕೆ ಬಾಯಿಪಾಠ ಬೇಡ. ಎರಡು ಪ್ರಶ್ನೆ ಕೇಳಿಕೊಳ್ಳಲು ಕಲಿತರೆ ಸಾಕು. ಕ್ರಿಯಾಶೀಲತೆ ಅಂದಾಗಲೆಲ್ಲ ‘ಯಾರ ಜೊತೆ?’ ಅಂತ ಕೇಳಿ. ಆಕ್ಸೈಡ್ ಅಂದಾಗಲೆಲ್ಲ ‘ನೀರು ಸೇರಿದ ಮೇಲೆ ಬಂಧ ಎಲ್ಲಿ ಕಡಿಯುತ್ತದೆ?’ ಅಂತ ಕೇಳಿ.

ಬೇಕಾದದ್ದು ಒಂದು ನೋಟ್‌ಬುಕ್, ಅಂಗಳದ ಕೆಂಪು ದಾಸವಾಳ, ಶಾಲೆಯ ಲ್ಯಾಬಿನಲ್ಲಿ ಒಂದು ಮಧ್ಯಾಹ್ನ. ಮನೆಯ ಹಿಂದೆ ಮುರಕಲ್ಲಿನ ಗುಡ್ಡ ಇದ್ದರೆ ಅದೂ ಬೇಕು. ಯಾಕೆ ಅಂತ ಐದನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ಸಾಲನ್ನು ಬರೆದು ಅಂಕಿ ಹಾಕಿ

ಪುಟವನ್ನು ಅಡ್ಡಕ್ಕೆ ಹಿಡಿದು ಎಂಟು ಹೆಸರುಗಳನ್ನು ಸಾಲಾಗಿ ಬರೆಯಿರಿ. ಪ್ರತಿ ಹೆಸರಿನ ಕೆಳಗೆ ಹೊರ ಕವಚದ ಎಲೆಕ್ಟ್ರಾನ್‌ಗಳ ಸಂಖ್ಯೆ ಹಾಕಿ: 1, 2, 3, 4, 5, 6, 7, 8. ಮುಂದಿನ ಎಲ್ಲ ಉತ್ತರಗಳೂ ಹುಟ್ಟುವುದು ಇಲ್ಲಿಂದಲೇ.

ಅದರ ಕೆಳಗೆ ಅಯಾನೀಕರಣ ಶಕ್ತಿ ಬರೆಯಿರಿ. ಹೊರಗಿನ ಒಂದು ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಬೇಕಾಗುವ ಶಕ್ತಿ ಅದು. ಒಂದು ಮೋಲ್‌ಗೆ ಕಿಲೋಜೂಲ್‌ಗಳಲ್ಲಿ: ಸೋಡಿಯಂ 496, ಮೆಗ್ನೀಸಿಯಂ 738, ಅಲ್ಯೂಮಿನಿಯಂ 578, ಸಿಲಿಕಾನ್ 786, ರಂಜಕ 1012, ಗಂಧಕ 1000, ಕ್ಲೋರಿನ್ 1251, ಆರ್ಗಾನ್ 1521.

ಒಟ್ಟಾರೆ ಏರುತ್ತಾ ಹೋಗುತ್ತದೆ ಅಲ್ವಾ? ಕಾರಣ ಸರಳ. ಬಲಕ್ಕೆ ಹೋದ ಹಾಗೆ ನ್ಯೂಕ್ಲಿಯಸ್‌ನಲ್ಲಿ ಒಂದೊಂದೇ ಪ್ರೋಟಾನ್ ಹೆಚ್ಚುತ್ತದೆ. ಹೊಸ ಎಲೆಕ್ಟ್ರಾನ್ ಮಾತ್ರ ಅದೇ ಮೂರನೇ ಕವಚಕ್ಕೆ ಸೇರುತ್ತದೆ. ಎಳೆತ ಹೆಚ್ಚಿತು, ದೂರ ಹೆಚ್ಚಲಿಲ್ಲ. ಹಾಗಾಗಿ ಪರಮಾಣು ಚಿಕ್ಕದಾಗುತ್ತದೆ, ಎಲೆಕ್ಟ್ರಾನ್ ಬಿಗಿಯಾಗುತ್ತದೆ.

ಎರಡು ಕಡೆ ಅಂಕಿ ಕೆಳಗಿಳಿದಿದೆ. ಅದನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ, ಪರೀಕ್ಷೆಗೆ ಬರುವುದು ಅದೇ. ಅಲ್ಯೂಮಿನಿಯಂನ ಕೊನೆಯ ಎಲೆಕ್ಟ್ರಾನ್ 3 ಪಿ ಉಪಕವಚದಲ್ಲಿದೆ (ಉಪಕವಚ ಅಂದರೆ ಕವಚದೊಳಗಿನ ವಿಭಾಗ). ಅದು 3 ಎಸ್‌ಗಿಂತ ಸ್ವಲ್ಪ ಮೇಲಿನ ಮಟ್ಟ, ಕೀಳುವುದು ಸುಲಭ. ಗಂಧಕದಲ್ಲಿ 3 ಪಿ ಕಕ್ಷಕವೊಂದಕ್ಕೆ ಮೊದಲ ಸಲ ಎರಡನೇ ಎಲೆಕ್ಟ್ರಾನ್ ಬಂದು ಕೂರುತ್ತದೆ. ಜೊತೆಗಿದ್ದವು ಒಂದನ್ನೊಂದು ತಳ್ಳುತ್ತವೆ, ಹಾಗಾಗಿ ಒಂದು ಸ್ವಲ್ಪ ಬೇಗ ಹೊರಬರುತ್ತದೆ.

ಹಂತ 2: ಆಕ್ಸೈಡ್‌ನ ಸೂತ್ರವನ್ನು ಎಣಿಸಿ ತೆಗೆಯಿರಿ

ಆಕ್ಸಿಜನ್‌ಗೆ ಎರಡು ಎಲೆಕ್ಟ್ರಾನ್ ಬೇಕು. ಸೋಡಿಯಂ ಬಳಿ ಕೊಡಲು ಇರುವುದು ಒಂದೇ. ಹಾಗಾದರೆ ಒಂದು ಆಕ್ಸಿಜನ್‌ಗೆ ಎರಡು ಸೋಡಿಯಂ. ಮೆಗ್ನೀಸಿಯಂ ಬಳಿ ಎರಡಿವೆ, ಒಂದಕ್ಕೊಂದು ಸರಿಹೋಯಿತು. ಅಲ್ಯೂಮಿನಿಯಂ ಮೂರು ಕೊಡುತ್ತದೆ, ಹಾಗಾಗಿ ಎರಡು ಅಲ್ಯೂಮಿನಿಯಂಗೆ ಮೂರು ಆಕ್ಸಿಜನ್. ಸಿಲಿಕಾನ್ ಒಂದಕ್ಕೆ ಎರಡು.

ಇದನ್ನು ಇನ್ನೊಂದು ರೀತಿ ಬರೆದರೆ ಸೊಗಸಾಗಿ ಕಾಣುತ್ತದೆ. ಒಂದು ಪರಮಾಣುವಿಗೆ ಎಷ್ಟು ಆಕ್ಸಿಜನ್ ಅಂತ ಲೆಕ್ಕ ಹಾಕಿ: ಅರ್ಧ, ಒಂದು, ಒಂದೂವರೆ, ಎರಡು, ಎರಡೂವರೆ, ಮೂರು, ಮೂರೂವರೆ. ಪ್ರತಿ ಮನೆ ದಾಟಿದಾಗ ಅರ್ಧ ಆಕ್ಸಿಜನ್ ಜಾಸ್ತಿ. ರಂಜಕದ ಎರಡೂವರೆ ಲೆಕ್ಕಕ್ಕೆ ಸರಿ, ಆದರೆ ನಿಜವಾದ ಅಣುವಿನಲ್ಲಿ ನಾಲ್ಕು ರಂಜಕ, ಹತ್ತು ಆಕ್ಸಿಜನ್ ಇರುತ್ತವೆ. ಕ್ಲೋರಿನ್‌ನದ್ದು ಎರಡು ಕ್ಲೋರಿನ್, ಏಳು ಆಕ್ಸಿಜನ್.

ಇದು ಸುಮ್ನೆ ಮಾಡಿದ ಕಸರತ್ತಲ್ಲ. ರಷ್ಯಾದ ಮೆಂಡಲೀವ್ 1869ರಲ್ಲಿ ಮೊದಲ ಕೋಷ್ಟಕ ಪ್ರಕಟಿಸಿದಾಗ ಎಲೆಕ್ಟ್ರಾನ್ ಅಂತ ಒಂದಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. 1871ರ ತಿದ್ದಿದ ಕೋಷ್ಟಕದಲ್ಲಿ ಅವರು ಪ್ರತಿ ಗುಂಪಿನ ತಲೆಯ ಮೇಲೆ ಬರೆದದ್ದು ಆಕ್ಸೈಡ್‌ನ ಸೂತ್ರವನ್ನು. ಯಾವ ಮೂಲವಸ್ತು ಎಷ್ಟು ಆಕ್ಸಿಜನ್ ಹಿಡಿಯುತ್ತದೆ ಎನ್ನುವುದೇ ಅವರಿಗೆ ವಿಳಾಸ. ಪಾಠಪುಸ್ತಕಗಳು ಆಕ್ಸೈಡ್‌ಗಳನ್ನು ಅಧ್ಯಾಯದ ಕೊನೆಗೆ ತಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ಕೋಷ್ಟಕ ಶುರುವಾದದ್ದೇ ಅಲ್ಲಿಂದ.

ಒಂದು ಎಚ್ಚರ. ಮೇಲಿನ ಪಟ್ಟಿ ಅತಿ ಹೆಚ್ಚು ಆಕ್ಸಿಜನ್ ಇರುವ ಆಕ್ಸೈಡ್‌ಗಳದ್ದು. ಬಲಗಡೆಯವಕ್ಕೆ ಕಡಿಮೆ ಆಕ್ಸಿಜನ್‌ನ ಆಕ್ಸೈಡ್‌ಗಳೂ ಇವೆ. ಗಂಧಕ ಉರಿದಾಗ ಬರುವುದು ಸಲ್ಫರ್ ಡೈಆಕ್ಸೈಡ್, ಟ್ರೈಆಕ್ಸೈಡ್ ಅಲ್ಲ.

ಹಂತ 3: ‘ಯಾರ ಜೊತೆ?’ ಅಂತ ಕೇಳಿ

‘ಎಡದಿಂದ ಬಲಕ್ಕೆ ಕ್ರಿಯಾಶೀಲತೆ ಕಡಿಮೆಯಾಗುತ್ತದೆ’ ಎಂದು ಎಷ್ಟೋ ಗೈಡ್‌ಗಳಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಾರೆ. ಇದು ಅರ್ಧ ಸತ್ಯ. ಹಾಗಿದ್ದರೆ ಕ್ಲೋರಿನ್ ಸಪ್ಪೆ ವಸ್ತುವಾಗಿರಬೇಕಿತ್ತು. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅನಿಲ ಅದು.

ಕ್ರಿಯಾಶೀಲತೆ ಎನ್ನುವುದು ಒಬ್ಬರದ್ದೇ ಗುಣವಲ್ಲ, ಇಬ್ಬರ ನಡುವಿನ ಸಂಗತಿ. ಅಡಿಕೆಗೆ ಮದ್ದು ಬಿಡುವವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿ ಬೋರ್ಡೋ ದ್ರಾವಣ ಮಾಡುತ್ತಾರೆ. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ ಅಂತ ಅರ್ಥ, ಸುಣ್ಣ ಇನ್ನಷ್ಟು ಹಾಕಬೇಕು. ಕಬ್ಬಿಣ ತಾಮ್ರವನ್ನು ಹೊರಗೆ ಹಾಕಿ ಅದರ ಜಾಗಕ್ಕೆ ಹೋಯಿತು. ಅದೇ ಕತ್ತಿಯನ್ನು ಉಪ್ಪುನೀರಿಗೆ ಅದ್ದಿದರೆ ಸೋಡಿಯಂ ಹೊರಗೆ ಬರುವುದಿಲ್ಲ, ಕತ್ತಿಗೆ ತುಕ್ಕು ಹಿಡಿಯುತ್ತದೆ ಅಷ್ಟೆ. ಕಬ್ಬಿಣ ಒಂದೇ. ಎದುರಿಗೆ ಇರುವವರು ಬದಲಾದರು.

ಈಗ ನಮ್ಮ ಸಾಲಿಗೆ ಬನ್ನಿ. ಎಡಗಡೆಯವು ಎಲೆಕ್ಟ್ರಾನ್ ಕೊಡುವವು. ಅವುಗಳ ಚುರುಕು ಅಳೆಯಲು ನೀರು, ಆಮ್ಲ, ಆಕ್ಸಿಜನ್ ಎದುರಿಗೆ ಇಡಿ. ಸೋಡಿಯಂ ತಣ್ಣೀರಿನಲ್ಲೇ ಕರಗಿ ಉಂಡೆಯಾಗಿ ನೀರಿನ ಮೇಲೆ ಓಡಾಡುತ್ತದೆ, ಹೈಡ್ರೋಜನ್ ಬಿಡುತ್ತದೆ, ಉಳಿದದ್ದು ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್. ಮೆಗ್ನೀಸಿಯಂ ತಣ್ಣೀರಿನಲ್ಲಿ ಒಂದೊಂದೇ ಗುಳ್ಳೆ ಬಿಡುತ್ತಾ ದಿನಗಟ್ಟಲೆ ಕೂರುತ್ತದೆ, ಹಬೆಯಲ್ಲಿ ಮಾತ್ರ ಉರಿದೇ ಹೋಗುತ್ತದೆ. ಅಲ್ಯೂಮಿನಿಯಂ ನೀರಿಗೆ ಕ್ಯಾರೇ ಅನ್ನುವುದಿಲ್ಲ, ಅದಕ್ಕೆ ಬೇರೆ ಕಾರಣವಿದೆ, ಆಮೇಲೆ ನೋಡೋಣ. ಸಿಲಿಕಾನ್ ಸುಮ್ಮನಿರುತ್ತದೆ. ಇಲ್ಲಿಯವರೆಗೆ ಚುರುಕು ಇಳಿಯಿತು.

ಬಲಗಡೆಯವು ಎಲೆಕ್ಟ್ರಾನ್ ಕಸಿಯುವವು. ಇವನ್ನು ನೀರಿನಲ್ಲಿ ಹಾಕಿ ಅಳೆಯುವುದೇ ತಪ್ಪು. ಇವುಗಳ ಎದುರಿಗೆ ಲೋಹವನ್ನು ಇಡಿ. ರಂಜಕಕ್ಕಿಂತ ಗಂಧಕ, ಗಂಧಕಕ್ಕಿಂತ ಕ್ಲೋರಿನ್ ಹೆಚ್ಚು ಬಲವಾಗಿ ಕಸಿಯುತ್ತದೆ. ಬ್ರೋಮೈಡ್ ದ್ರಾವಣಕ್ಕೆ ಕ್ಲೋರಿನ್ ನೀರು ಹಾಕಿದರೆ ಬ್ರೋಮಿನ್ ಹೊರಬಂದು ಬಣ್ಣ ಕಿತ್ತಳೆಯಾಗುತ್ತದೆ. ಹಾಗಾಗಿ ಇಡೀ ಸಾಲಿನ ಗೆರೆ ಎಳೆದರೆ ಎಡ ತುದಿಯಲ್ಲಿ ಎತ್ತರ, ಸಿಲಿಕಾನ್ ಹತ್ತಿರ ತಗ್ಗು, ಕ್ಲೋರಿನ್ ಹತ್ತಿರ ಮತ್ತೆ ಎತ್ತರ, ಆರ್ಗಾನ್‌ನಲ್ಲಿ ದಿಢೀರನೆ ನೆಲಕ್ಕೆ. ಈ ಗೆರೆಯನ್ನು ನೋಟ್‌ಬುಕ್ಕಿನಲ್ಲಿ ಎಳೆದಿಡಿ.

ಬಿಳಿ ರಂಜಕ ಮಾತ್ರ ಈ ಗೆರೆಗೆ ಬಗ್ಗದ ಕಿಡಿಗೇಡಿ. ಗಾಳಿಯಲ್ಲಿ 30 ಡಿಗ್ರಿಯ ಆಸುಪಾಸಿನಲ್ಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ನಮ್ಮ ಏಪ್ರಿಲ್ ತಿಂಗಳ ಸೆಕೆ ಸಾಕು. ಆದರೆ ನೀರಿನ ಜೊತೆ ಅದಕ್ಕೆ ಜಗಳವೇ ಇಲ್ಲ. ಅದಕ್ಕೇ ಅದನ್ನು ನೀರಿನೊಳಗೆ ಮುಳುಗಿಸಿ ಇಡುತ್ತಾರೆ. ಸೋಡಿಯಂಗೆ ನೀರೇ ಶತ್ರು, ಅದನ್ನು ಸೀಮೆಎಣ್ಣೆಯಲ್ಲಿ ಇಡುತ್ತಾರೆ. ‘ಯಾರ ಜೊತೆ?’ ಎನ್ನುವ ಪ್ರಶ್ನೆಗೆ ಈ ಎರಡು ಬಾಟಲಿಗಳಿಗಿಂತ ಒಳ್ಳೆಯ ಉದಾಹರಣೆ ಬೇಡ.

ಹಂತ 4: ದಾಸವಾಳದ ರಸ ಮಾಡಿ, ಆಕ್ಸೈಡ್‌ಗಳನ್ನು ಪರೀಕ್ಷಿಸಿ

ಐದಾರು ಕೆಂಪು ದಾಸವಾಳದ ಎಸಳು ಬಿಡಿಸಿ ಒಂದು ಲೋಟ ಬಿಸಿನೀರಿಗೆ ಹಾಕಿ. ಹತ್ತು ನಿಮಿಷ ಬಿಟ್ಟು ಸೋಸಿ. ಈ ರಸ ಆಮ್ಲದಲ್ಲಿ ಗುಲಾಬಿ ಕೆಂಪು, ಕ್ಷಾರದಲ್ಲಿ ಹಸಿರು. ದಾಸವಾಳದ ಕಾಲವಲ್ಲದಿದ್ದರೆ ಅರಿಶಿನವೂ ಆಗುತ್ತದೆ, ಆದರೆ ಅದು ಕ್ಷಾರಕ್ಕೆ ಮಾತ್ರ ಕೆಂಪಾಗುತ್ತದೆ, ಆಮ್ಲಕ್ಕೆ ಹಳದಿಯಾಗಿಯೇ ಉಳಿಯುತ್ತದೆ. ಆರತಿಯ ಕೆಂಪು ನೀರಿಗೆ ಅರಿಶಿನದ ಜೊತೆ ಸುಣ್ಣ ಹಾಕುವುದು ಇದೇ ಲೆಕ್ಕದಲ್ಲಿ.

ಮನೆಯಲ್ಲಿ ಮಾಡಬಹುದಾದದ್ದು: ಮೆಡಿಕಲ್ ಶಾಪಿನಲ್ಲಿ ಸಿಗುವ ಮಿಲ್ಕ್ ಆಫ್ ಮೆಗ್ನೀಶಿಯಾ ಒಂದು ಚಮಚ ತೆಗೆದು ರಸ ಹಾಕಿ. ಹಸಿರಾಗುತ್ತದೆ. ಅದು ಮೆಗ್ನೀಸಿಯಂ ಆಕ್ಸೈಡ್‌ಗೆ ನೀರು ಸೇರಿದ ರೂಪ. ಚೆನ್ನಾಗಿ ತೊಳೆದ ಹೊಳೆಯ ಮರಳಿಗೆ ರಸ ಹಾಕಿ. ಮರಳು ಹೆಚ್ಚಾಗಿ ಸಿಲಿಕಾ, ಅಂದರೆ ಸಿಲಿಕಾನ್‌ನ ಆಕ್ಸೈಡ್. ಬಣ್ಣ ಬದಲಾಗುವುದಿಲ್ಲ. ಎಲೆಅಡಿಕೆಯ ಸುಣ್ಣದ ತಿಳಿನೀರು ಹಸಿರು ಮಾಡುತ್ತದೆ. ಆದರೆ ಸುಣ್ಣದ ಕ್ಯಾಲ್ಸಿಯಂ ಈ ಸಾಲಿನದ್ದಲ್ಲ, ಮೆಗ್ನೀಸಿಯಂನ ಕೆಳಮನೆಯದ್ದು. ಹೋಲಿಕೆಗೆ ಇಟ್ಟುಕೊಳ್ಳಿ.

ಮರಳಿನ ಬದಲು ಉಮಿಯ ಬೂದಿ ಹಾಕಬೇಡಿ. ಅದರಲ್ಲಿ ಹೆಚ್ಚಿನ ಪಾಲು ಸಿಲಿಕಾವೇ ಹೌದು, ಆದರೆ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೋನೇಟ್ ರಸವನ್ನು ಹಸಿರು ಮಾಡಿ ‘ಸಿಲಿಕಾ ಕ್ಷಾರ’ ಎಂಬ ಸುಳ್ಳು ಹೇಳಿಬಿಡುತ್ತದೆ. ಪಟಿಕವೂ ಹಾಗೆಯೇ. ಅದರ ನೀರು ಗುಲಾಬಿಯಾಗುತ್ತದೆ, ಆದರೆ ಪಟಿಕ ಅಲ್ಯೂಮಿನಿಯಂ ಆಕ್ಸೈಡ್ ಅಲ್ಲ, ಅಲ್ಯೂಮಿನಿಯಂ ಇರುವ ಒಂದು ಲವಣ.

ಲ್ಯಾಬಿನಲ್ಲಿ, ಟೀಚರ್ ಎದುರಿಗೆ ಮಾತ್ರ ಮಾಡುವಂಥದ್ದು: ಮೆಗ್ನೀಸಿಯಂ ಪಟ್ಟಿ ಉರಿಸುವುದು. ಬೆಳಕನ್ನು ನೇರ ನೋಡಬೇಡಿ, ಕಣ್ಣಿಗೆ ಹಾನಿ. ಗಂಧಕವನ್ನು ಚಮಚದಲ್ಲಿ ಉರಿಸಿ ಗ್ಯಾಸ್ ಜಾರಿನೊಳಗೆ ಇಳಿಸುವುದು, ಕಿಟಕಿ ತೆರೆದಿರಲಿ, ಉಬ್ಬಸ ಇರುವ ಮಕ್ಕಳು ದೂರ ನಿಲ್ಲಲಿ. ನೀಲಿ ಜ್ವಾಲೆ ಕಾಣುತ್ತದೆ. ಜಾರಿಗೆ ಸ್ವಲ್ಪ ನೀರು ಹಾಕಿ ಕುಲುಕಿ ರಸ ಸೇರಿಸಿದರೆ ಕೆಂಪು. ಸ್ವಲ್ಪ ಹೊತ್ತಿನಲ್ಲಿ ಬಣ್ಣವೇ ಮಾಸಿದರೆ ಗಾಬರಿಯಾಗಬೇಡಿ, ಸಲ್ಫರ್ ಡೈಆಕ್ಸೈಡ್‌ಗೆ ಬಣ್ಣ ತೆಗೆಯುವ ಗುಣವೂ ಇದೆ. ಸೋಡಿಯಂ ಪ್ರಯೋಗವನ್ನು ಮಕ್ಕಳ ಕೈಗೆ ಕೊಡಲೇಬೇಡಿ. ಟೀಚರ್ ಮಾಡುವುದಾದರೂ ಅಕ್ಕಿಕಾಳಿನಷ್ಟು ಚೂರು ಸಾಕು.

ಇಡೀ ಪಾಠದಲ್ಲಿ ನನಗೆ ಅತಿ ಇಷ್ಟದ ಪ್ರಯೋಗ ಮುಂದಿನದ್ದು. ಎರಡು ಟೆಸ್ಟ್ ಟ್ಯೂಬ್ ತೆಗೆದುಕೊಳ್ಳಿ. ಒಂದರಲ್ಲಿ ಪಟಿಕದ ನೀರು. ಇನ್ನೊಂದರಲ್ಲಿ ತೆಂಗಿನ ಬುಡಕ್ಕೆ ಹಾಕುವ ಮೆಗ್ನೀಸಿಯಂ ಸಲ್ಫೇಟಿನ ನೀರು. ಎರಡಕ್ಕೂ ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿ ಹನಿಯಾಗಿ ಹಾಕಿ. ಕಣ್ಣಿಗೆ ಕನ್ನಡಕ ಇರಲಿ. ಎರಡರಲ್ಲೂ ಬಿಳಿ ಗಷ್ಟು ಮೂಡುತ್ತದೆ. ಈಗ ಕಾಸ್ಟಿಕ್ ಸೋಡಾ ಇನ್ನಷ್ಟು ಹಾಕುತ್ತಾ ಹೋಗಿ. ಮೆಗ್ನೀಸಿಯಂನ ಗಷ್ಟು ಕದಲುವುದಿಲ್ಲ. ಅಲ್ಯೂಮಿನಿಯಂನದ್ದು ಕರಗಿ ನೀರು ತಿಳಿಯಾಗುತ್ತದೆ. ಇನ್ನೊಂದು ಟ್ಯೂಬಿನಲ್ಲಿ ಅದೇ ಅಲ್ಯೂಮಿನಿಯಂನ ಗಷ್ಟು ಮತ್ತೆ ಮಾಡಿ, ಈ ಸಲ ಕಾಸ್ಟಿಕ್ ಬದಲು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ. ಆಗಲೂ ಕರಗುತ್ತದೆ. ಆಮ್ಲಕ್ಕೂ ಸೈ, ಕ್ಷಾರಕ್ಕೂ ಸೈ. ಉಭಯಧರ್ಮಿ ಅಂದರೆ ಇದು. ಮೂರು ಟ್ಯೂಬ್, ಹತ್ತು ನಿಮಿಷ. ಒಮ್ಮೆ ಕಣ್ಣಾರೆ ನೋಡಿದವರಿಗೆ ಮತ್ತೆ ಮರೆಯುವುದಿಲ್ಲ.

ಹಂತ 5: ಗುಡ್ಡದಲ್ಲಿ ಸಾಲನ್ನು ಓದಿ

ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಲಕ್ಷಾಂತರ ವರ್ಷ ಈ ಮಳೆ ಹಳೆಯ ಬಂಡೆಗಳನ್ನು ತೊಳೆದಿದೆ. ಬಂಡೆಯಲ್ಲಿ ನಮ್ಮ ಸಾಲಿನ ಬಹುತೇಕ ಎಲ್ಲರೂ ಇದ್ದರು. ತೊಳೆದ ಮೇಲೆ ಯಾರು ಹೋದರು, ಯಾರು ಉಳಿದರು?

ಸೋಡಿಯಂ ಮೊದಲು ಹೋಯಿತು. ಅದರ ಸಂಯುಕ್ತಗಳು ನೀರಿನಲ್ಲಿ ಸುಲಭವಾಗಿ ಕರಗುತ್ತವೆ. ಮೆಗ್ನೀಸಿಯಂ ಕೂಡ ಹಿಂದೆಯೇ ಹೋಯಿತು. ಎರಡೂ ಈಗ ಸಮುದ್ರದಲ್ಲಿವೆ, ಕ್ಲೋರಿನ್ ಕ್ಲೋರೈಡ್ ರೂಪದಲ್ಲಿ ಅಲ್ಲೇ ಜೊತೆಗಿದೆ. ಸಿಲಿಕಾನ್‌ನಲ್ಲಿ ಒಂದು ಪಾಲು ಸಿಲಿಸಿಕ್ ಆಮ್ಲವಾಗಿ ನಿಧಾನಕ್ಕೆ ಸೋರಿಹೋಯಿತು. ಗಟ್ಟಿ ಕ್ವಾರ್ಟ್ಸ್ ಮರಳಾಗಿ ಉಳಿಯಿತು. ಅಲ್ಯೂಮಿನಿಯಂ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಮಳೆನೀರು ಅಷ್ಟೇನೂ ಬಲವಾದ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಅಲ್ಯೂಮಿನಿಯಂ ಆಕ್ಸೈಡ್ ಕರಗಬೇಕಾದರೆ ಎರಡರಲ್ಲಿ ಒಂದಾದರೂ ಬಲವಾಗಿರಬೇಕು. ಅದರ ಜೊತೆಗೆ ಕಬ್ಬಿಣದ ಆಕ್ಸೈಡ್ ಉಳಿದು ಕೆಂಪು ಬಣ್ಣ ಕೊಟ್ಟಿತು. ಕಡಿದು ಮನೆ ಕಟ್ಟುವ ಮುರಕಲ್ಲು ಇದೇ. ಬೇಕಲ ಕೋಟೆಯ ಗೋಡೆಯೂ ಇದೇ. ಬಾಯಾರು ಕಡೆಯ ಸುರಂಗಗಳನ್ನು ಕೊರೆದದ್ದೂ ಇದರಲ್ಲೇ. ನೀಲೇಶ್ವರ, ಕಾಞಂಗಾಡ್ ಕಡೆ ಅಲ್ಯೂಮಿನಿಯಂ ಅಂಶ ಇನ್ನೂ ಹೆಚ್ಚಿರುವ ಬಾಕ್ಸೈಟ್ ನಿಕ್ಷೇಪಗಳಿವೆ.

ಅಲ್ಯೂಮಿನಿಯಂ ತೆಗೆಯುವ ಕಾರ್ಖಾನೆ ಮಾಡುವ ಕೆಲಸವೂ ಇದಕ್ಕೆ ಹೊಂದಿಕೊಂಡಿದೆ. ಬಾಕ್ಸೈಟನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಹಾಕುತ್ತಾರೆ. ಉಭಯಧರ್ಮಿಯಾದ ಅಲ್ಯೂಮಿನಿಯಂ ಆಕ್ಸೈಡ್ ಕರಗುತ್ತದೆ, ಕಬ್ಬಿಣದ ಆಕ್ಸೈಡ್ ಕರಗದೆ ಕೆಂಪು ಕೆಸರಾಗಿ ಉಳಿಯುತ್ತದೆ. ಕಾರ್ಲ್ ಬೇಯರ್ 1888ರಲ್ಲಿ ಪೇಟೆಂಟ್ ಪಡೆದ ವಿಧಾನ ಇದು. ಹಂತ 4ರ ಟೆಸ್ಟ್ ಟ್ಯೂಬಿನ ಗುಟ್ಟೇ ಇಲ್ಲಿಯೂ ಕೆಲಸ ಮಾಡುತ್ತದೆ.

ಅಲ್ಯೂಮಿನಿಯಂ ನೀರಿಗೆ ಯಾಕೆ ಬಗ್ಗುವುದಿಲ್ಲ ಅಂತ ಆಗ ಕೇಳಿದ್ದೆವಲ್ಲ. ಕಾರಣ ಈ ಆಕ್ಸೈಡೇ. ಗಾಳಿಗೆ ತಾಗಿದ ಕೂಡಲೇ ಲೋಹದ ಮೇಲೆ ತೆಳ್ಳಗಿನ, ಬಿಗಿಯಾದ ಆಕ್ಸೈಡ್ ಪದರ ಕೂರುತ್ತದೆ. ಒಳಗಿನ ಲೋಹ ನೀರಿಗೆ ಸಿಗುವುದೇ ಇಲ್ಲ. ಅಂದರೆ ಅಲ್ಯೂಮಿನಿಯಂ ಮಂದವಲ್ಲ, ಅದರ ಬಾಗಿಲು ಹಾಕಿದೆ. ಅಲ್ಯೂಮಿನಿಯಂ ಪಾತ್ರೆಗೆ ವಾಷಿಂಗ್ ಸೋಡಾ ಹಾಕಿ ತಿಕ್ಕಬಾರದು, ಹುಳಿಯ ಸಾರು ಅದರಲ್ಲಿ ಇಟ್ಟು ಮಲಗಬಾರದು ಎಂದು ಮನೆಯಲ್ಲಿ ಹೇಳುವುದಕ್ಕೆ ಕಾರಣವೂ ಇದೇ. ಕ್ಷಾರವೂ ಆ ಪದರವನ್ನು ತಿನ್ನುತ್ತದೆ, ಆಮ್ಲವೂ ತಿನ್ನುತ್ತದೆ.

ಬಲಗಡೆಯವರೂ ತೋಟದಲ್ಲೇ ಸಿಗುತ್ತಾರೆ. ಮುರಮಣ್ಣು ಹುಳಿ ಮಣ್ಣು. ರಂಜಕದ ಗೊಬ್ಬರ ಹಾಕಿದರೆ ಅದರ ಫಾಸ್ಫೇಟನ್ನು ಮಣ್ಣಿನ ಅಲ್ಯೂಮಿನಿಯಂ, ಕಬ್ಬಿಣ ಹಿಡಿದಿಟ್ಟುಕೊಳ್ಳುತ್ತವೆ, ಗಿಡಕ್ಕೆ ಪೂರ್ತಿ ಸಿಗುವುದಿಲ್ಲ. ಅದಕ್ಕೇ ಮೊದಲು ಸುಣ್ಣ ಅಥವಾ ಡೋಲೋಮೈಟ್ ಹಾಕಿ ಹುಳಿ ಕಡಿಮೆ ಮಾಡಿ ಅನ್ನುತ್ತಾರೆ. ರಬ್ಬರ್ ತೋಟಗಳಲ್ಲಿ ಎಳೆ ಎಲೆಗೆ ಬೂದಿರೋಗ ಬರದಂತೆ ಗಂಧಕದ ಪುಡಿ ಹಾರಿಸುತ್ತಾರೆ. ಮಳೆಗಾಲ ಶುರುವಾದರೆ ಬಾವಿಗೆ ಬ್ಲೀಚಿಂಗ್ ಪೌಡರ್. ಅದು ನೀರಿನಲ್ಲಿ ಹೈಪೋಕ್ಲೋರಸ್ ಆಮ್ಲ ಕೊಡುತ್ತದೆ, ರೋಗಾಣು ಕೊಲ್ಲುವುದು ಮುಖ್ಯವಾಗಿ ಅದೇ. ಒಲೆಯ ಪಕ್ಕದ ಬೆಂಕಿಪೆಟ್ಟಿಗೆ ತೆರೆದು ನೋಡಿ: ಪಕ್ಕದ ಗೀರುಪಟ್ಟಿಯಲ್ಲಿ ಕೆಂಪು ರಂಜಕ, ಕಡ್ಡಿಯ ತಲೆಯಲ್ಲಿ ಕ್ಲೋರಿನ್ ಇರುವ ಪೊಟ್ಯಾಸಿಯಂ ಕ್ಲೋರೇಟ್, ಹೆಚ್ಚಾಗಿ ಗಂಧಕವೂ.

ಹಂತ 6: ಬಂಧ ಎಲ್ಲಿ ಕಡಿಯುತ್ತದೆ ನೋಡಿ

ಈಗ ‘ಯಾಕೆ’ ಎನ್ನುವ ಭಾಗ. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಆಕ್ಸೈಡ್‌ಗೆ ನೀರು ಸೇರಿದಾಗ ಬರುವ ವಸ್ತುಗಳಲ್ಲಿ ಒಂದು ತುಂಡು ಎಲ್ಲದರಲ್ಲೂ ಇದೆ: ಮೂಲವಸ್ತು, ಅದಕ್ಕೆ ಅಂಟಿದ ಆಕ್ಸಿಜನ್, ಅದಕ್ಕೆ ಅಂಟಿದ ಹೈಡ್ರೋಜನ್. ಸೋಡಿಯಂ ಹೈಡ್ರಾಕ್ಸೈಡ್‌ನಲ್ಲೂ ಇದೇ ತುಂಡು, ಸಲ್ಫ್ಯೂರಿಕ್ ಆಮ್ಲದಲ್ಲೂ ಇದೇ ತುಂಡು. ಸಲ್ಫ್ಯೂರಿಕ್ ಆಮ್ಲದ ಎರಡೂ ಹೈಡ್ರೋಜನ್‌ಗಳು ಗಂಧಕಕ್ಕೆ ನೇರವಾಗಿ ಅಂಟಿಲ್ಲ, ಆಕ್ಸಿಜನ್‌ಗಳಿಗೆ ಅಂಟಿವೆ. ಹಾಗಾದರೆ ಒಂದು ಕ್ಷಾರ, ಇನ್ನೊಂದು ಆಮ್ಲ ಹೇಗಾಯಿತು?

ಹಗ್ಗಜಗ್ಗಾಟದಲ್ಲಿ ಹಗ್ಗ ಎಲ್ಲಿ ಸವೆದಿದೆಯೋ ಅಲ್ಲಿ ಕಡಿಯುತ್ತದೆ, ಇಲ್ಲಿಯೂ ಹಾಗೆ. ಮೂಲವಸ್ತು ಮತ್ತು ಆಕ್ಸಿಜನ್ ನಡುವೆ ಬಿಟ್ಟುಹೋದರೆ ಹೈಡ್ರಾಕ್ಸೈಡ್ ಅಯಾನ್ ಹೊರಬರುತ್ತದೆ (ಅಯಾನ್ ಅಂದರೆ ವಿದ್ಯುದಂಶ ಹೊತ್ತ ಕಣ). ಅದು ಕ್ಷಾರ. ಆಕ್ಸಿಜನ್ ಮತ್ತು ಹೈಡ್ರೋಜನ್ ನಡುವೆ ಬಿಟ್ಟುಹೋದರೆ ಹೈಡ್ರೋಜನ್ ಅಯಾನ್ ಹೊರಬರುತ್ತದೆ. ಅದು ಆಮ್ಲ.

ಯಾವ ಕಡೆ ಕಡಿಯುತ್ತದೆ ಎನ್ನುವುದನ್ನು ವಿದ್ಯುದೃಣತೆಯ ಅಂಕಿ ಹೇಳುತ್ತದೆ. ಎಲೆಕ್ಟ್ರಾನನ್ನು ತನ್ನ ಕಡೆ ಎಳೆಯುವ ಶಕ್ತಿ ಅದು. ಆಕ್ಸಿಜನ್‌ನದ್ದು 3.44. ಸೋಡಿಯಂ 0.93, ಮೆಗ್ನೀಸಿಯಂ 1.31, ಅಲ್ಯೂಮಿನಿಯಂ 1.61, ಸಿಲಿಕಾನ್ 1.90, ರಂಜಕ 2.19, ಗಂಧಕ 2.58, ಕ್ಲೋರಿನ್ 3.16. ಸೋಡಿಯಂ ಎಳೆಯುವುದೇ ಇಲ್ಲ ಅನ್ನಬಹುದು. ಎಲೆಕ್ಟ್ರಾನನ್ನು ಪೂರ್ತಿ ಆಕ್ಸಿಜನ್‌ಗೆ ಬಿಟ್ಟುಕೊಟ್ಟು ಅಯಾನ್ ಆಗಿ ಬೇರೆ ನಿಂತಿರುತ್ತದೆ. ನೀರಿಗೆ ಹಾಕಿದರೆ ಅಲ್ಲಿಯೇ ಬೇರ್ಪಡುತ್ತದೆ. ಕ್ಲೋರಿನ್, ಗಂಧಕ ಹಾಗಲ್ಲ. ಅವೂ ಬಲವಾಗಿ ಎಳೆಯುತ್ತವೆ, ಸುತ್ತ ಇರುವ ಬೇರೆ ಆಕ್ಸಿಜನ್‌ಗಳೂ ಎಳೆಯುತ್ತವೆ. ಆ ಎಳೆತಕ್ಕೆ ಹೈಡ್ರೋಜನ್ ಕಡೆಯ ಬಂಧ ಸಡಿಲವಾಗಿ ಹೈಡ್ರೋಜನ್ ಅಯಾನ್ ಜಾರಿಹೋಗುತ್ತದೆ. ಅಲ್ಯೂಮಿನಿಯಂ ನಡುವೆ ಇದೆ. ಎದುರಿಗೆ ಆಮ್ಲ ಬಂದರೆ ಒಂದು ಕಡೆ, ಕ್ಷಾರ ಬಂದರೆ ಇನ್ನೊಂದು ಕಡೆ.

ಹೀಗೆ ಓದಿದರೆ ಸಾಲು ತಾನಾಗಿಯೇ ಬರುತ್ತದೆ. ಸೋಡಿಯಂ ಆಕ್ಸೈಡ್ ಬಲವಾದ ಪ್ರತ್ಯಾಮ್ಲ (ಆಮ್ಲವನ್ನು ತಟಸ್ಥ ಮಾಡುವ ವಸ್ತು), ನೀರಿಗೆ ಹಾಕಿದರೆ ಆಮ್ಲ-ಕ್ಷಾರ ಅಳೆಯುವ ಪಿಎಚ್ ಅಂಕಿ 13-14ರ ಹತ್ತಿರ. ಮೆಗ್ನೀಸಿಯಂ ಆಕ್ಸೈಡ್ ಪ್ರತ್ಯಾಮ್ಲವೇ, ಆದರೆ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಪಿಎಚ್ 10ರ ಆಸುಪಾಸು. ಅದಕ್ಕೇ ಹೊಟ್ಟೆಯ ಹುಳಿಗೆ ಕುಡಿಯಲು ಆಗುತ್ತದೆ. ಅಲ್ಯೂಮಿನಿಯಂ ಆಕ್ಸೈಡ್ ಉಭಯಧರ್ಮಿ. ಸಿಲಿಕಾ ದುರ್ಬಲ ಆಮ್ಲೀಯ. ರಂಜಕದ ಆಕ್ಸೈಡ್ ಫಾಸ್ಫಾರಿಕ್ ಆಮ್ಲ ಕೊಡುತ್ತದೆ, ಸಲ್ಫರ್ ಟ್ರೈಆಕ್ಸೈಡ್ ಸಲ್ಫ್ಯೂರಿಕ್ ಆಮ್ಲ, ಕ್ಲೋರಿನ್‌ನ ಏಳು ಆಕ್ಸಿಜನ್‌ನ ಆಕ್ಸೈಡ್ ಪರ್‌ಕ್ಲೋರಿಕ್ ಆಮ್ಲ. ಬಲಕ್ಕೆ ಹೋದ ಹಾಗೆ ಆಮ್ಲದ ಬಲ ಹೆಚ್ಚುತ್ತದೆ.

ಆರ್ಗಾನ್‌ಗೆ ಆಕ್ಸೈಡ್ ಇಲ್ಲ. 1894ರಲ್ಲಿ ರೇಲಿ ಮತ್ತು ರ‍್ಯಾಮ್ಸೆ ಇದನ್ನು ಗಾಳಿಯಲ್ಲಿ ಕಂಡುಹಿಡಿದರು. ಗಾಳಿಯ 0.93 ಶೇಕಡಾ ಅದೇ. ಮುಂದೆ ಹೋಗೋಣ.

ಹಂತ 7: ಕರಗುವ ಉಷ್ಣತೆಯಿಂದ ರಚನೆ ಗುರುತಿಸಿ

ಇದು ಚಿಕ್ಕ ಹಂತ, ಆದರೆ ಅಂಕ ತರುತ್ತದೆ. ಮೆಗ್ನೀಸಿಯಂ ಆಕ್ಸೈಡ್ ಕರಗುವುದು ಸುಮಾರು 2,850 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಲ್ಯೂಮಿನಿಯಂ ಆಕ್ಸೈಡ್ 2,070ರ ಹತ್ತಿರ, ಸಿಲಿಕಾ 1,700ರ ಹತ್ತಿರ. ಸಲ್ಫರ್ ಟ್ರೈಆಕ್ಸೈಡ್ 17 ಡಿಗ್ರಿಯಲ್ಲೇ ಕರಗುತ್ತದೆ. ಎರಡು ಕ್ಲೋರಿನ್, ಏಳು ಆಕ್ಸಿಜನ್‌ನದ್ದು ಸೊನ್ನೆಗಿಂತ 91 ಡಿಗ್ರಿ ಕೆಳಗೆ.

ಎಡಗಡೆಯವು ಅಯಾನ್‌ಗಳ ಜಾಲ, ಇಡೀ ಹರಳು ಒಟ್ಟಿಗೆ ಹಿಡಿದುಕೊಂಡಿರುತ್ತದೆ. ಸಿಲಿಕಾ ಸಹವೇಲೆನ್ಸಿ ಬಂಧಗಳ, ಅಂದರೆ ಎಲೆಕ್ಟ್ರಾನ್ ಹಂಚಿಕೊಂಡ ಬಂಧಗಳ, ದೊಡ್ಡ ಜಾಲ. ರಂಜಕದಿಂದ ಮುಂದೆ ಬಿಡಿ ಬಿಡಿ ಅಣುಗಳು. ಅಣುವಿನೊಳಗಿನ ಬಂಧ ಬಲವಾಗಿದ್ದರೂ ಅಣು ಅಣುವಿನ ನಡುವಿನ ಸೆಳೆತ ಕಡಿಮೆ. ಕರಗಿಸುವಾಗ ಬಿಡಿಸಬೇಕಾದದ್ದು ಈ ಸೆಳೆತವನ್ನು ಮಾತ್ರ.

ಹಂತ 8: ಉತ್ತರ ಬರೆಯುವಾಗ ಎಡವುವ ಜಾಗಗಳು

‘ಸಿಲಿಕಾ ನೀರಿನಲ್ಲಿ ಕರಗುವುದಿಲ್ಲ, ಲಿಟ್ಮಸ್ ಬದಲಾಗುವುದಿಲ್ಲ, ಹಾಗಾಗಿ ತಟಸ್ಥ’ ಎಂದು ಬರೆಯುವವರು ಬಹಳ ಮಂದಿ. ತಪ್ಪು. ಬಿಸಿಯಾದ, ಗಾಢ ಕಾಸ್ಟಿಕ್ ಸೋಡಾದಲ್ಲಿ ಅದು ಸಿಲಿಕೇಟ್ ಆಗುತ್ತದೆ. ಕಬ್ಬಿಣದ ಊದುಕುಲುಮೆಯಲ್ಲಿ ಸುಣ್ಣದ ಜೊತೆ ಸೇರಿ ಕಿಟ್ಟವಾಗುತ್ತದೆ. ಪ್ರತ್ಯಾಮ್ಲದ ಜೊತೆ ವರ್ತಿಸುವುದರಿಂದ ಅದು ಆಮ್ಲೀಯ. ಇಲ್ಲಿಯೂ ‘ಯಾರ ಜೊತೆ?’ ಕೇಳಿದರೆ ಉತ್ತರ ಸಿಗುತ್ತದೆ. ನೀರನ್ನು ಮಾತ್ರ ಕೇಳಿ ತೀರ್ಪು ಕೊಡಬಾರದು.

ಸೋಡಿಯಂ ಉರಿದಾಗ ಬರೀ ಸೋಡಿಯಂ ಆಕ್ಸೈಡ್ ಬರುತ್ತದೆ ಅಂತ ಬರೆಯಬೇಡಿ. ಆಕ್ಸಿಜನ್ ಧಾರಾಳವಾಗಿದ್ದರೆ ಹೆಚ್ಚು ಬರುವುದು ತೆಳು ಹಳದಿಯ ಪೆರಾಕ್ಸೈಡ್. ಮೆಗ್ನೀಸಿಯಂ ಗಾಳಿಯಲ್ಲಿ ಉರಿದಾಗ ಬಿಳಿ ಬೂದಿಯಲ್ಲಿ ಸ್ವಲ್ಪ ನೈಟ್ರೈಡ್ ಕೂಡ ಸೇರಿರುತ್ತದೆ.

ಕ್ಲೋರಿನ್‌ಗೆ ಆಕ್ಸೈಡ್‌ಗಳಿವೆ ಎಂದ ಮಾತ್ರಕ್ಕೆ ಕ್ಲೋರಿನ್ ಆಕ್ಸಿಜನ್‌ನಲ್ಲಿ ಉರಿಯುತ್ತದೆ ಎಂದಲ್ಲ. ಅವೆರಡೂ ನೇರವಾಗಿ ಸೇರುವುದಿಲ್ಲ, ಆಕ್ಸೈಡ್‌ಗಳನ್ನು ಬೇರೆ ದಾರಿಯಲ್ಲಿ ಮಾಡಬೇಕು. ಸಲ್ಫರ್ ಟ್ರೈಆಕ್ಸೈಡ್ ಕೂಡ ಹಾಗೆ ಸುಮ್ಮನೆ ಬರುವುದಿಲ್ಲ. ಡೈಆಕ್ಸೈಡನ್ನು ಆಕ್ಸಿಜನ್ ಜೊತೆ ಸುಮಾರು 450 ಡಿಗ್ರಿಯಲ್ಲಿ ವನೇಡಿಯಂ ಪೆಂಟಾಕ್ಸೈಡ್ ಮೇಲೆ ಹಾಯಿಸಬೇಕು.

‘ಕ್ಷಾರ’ ಮತ್ತು ‘ಪ್ರತ್ಯಾಮ್ಲ’ ಒಂದೇ ಅಂತ ಗೊಂದಲ ಮಾಡಿಕೊಳ್ಳಬೇಡಿ. ನೀರಿನಲ್ಲಿ ಕರಗುವ ಪ್ರತ್ಯಾಮ್ಲ ಮಾತ್ರ ಕ್ಷಾರ.

ಇಷ್ಟಾದ ಮೇಲೆ ಅಭ್ಯಾಸಕ್ಕೆ ಎರಡನೇ ಸಾಲನ್ನು ತೆಗೆದುಕೊಳ್ಳಿ. ಪುಸ್ತಕ ನೋಡದೆ ಲಿಥಿಯಂನಿಂದ ಶುರುಮಾಡಿ. ಉಭಯಧರ್ಮಿ ಆಕ್ಸೈಡ್ ಇಲ್ಲಿ ಒಂದು ಮನೆ ಎಡಕ್ಕೆ ಸರಿದಿರುತ್ತದೆ, ಬೆರಿಲಿಯಂನದ್ದು. ಬೋರಾನ್‌ನಿಂದಲೇ ಆಮ್ಲೀಯ ಶುರು. ಕಾರ್ಬನ್ ಮಾನಾಕ್ಸೈಡ್, ನೈಟ್ರಿಕ್ ಆಕ್ಸೈಡ್ ಎರಡೂ ತಟಸ್ಥ. ಮೂರನೇ ಸಾಲಿನಲ್ಲಿ ಇಂಥವು ಸಿಕ್ಕಿರಲಿಲ್ಲ. ಫ್ಲೋರಿನ್‌ಗೆ ಬಂದಾಗ ಒಂದು ಸಲ ನಿಂತು ವಿದ್ಯುದೃಣತೆಯ ಅಂಕಿ ನೋಡಿ: 3.98. ಆಕ್ಸಿಜನ್‌ಗಿಂತ ಜಾಸ್ತಿ. ಇಲ್ಲಿ ಎಲೆಕ್ಟ್ರಾನ್ ಕಳೆದುಕೊಳ್ಳುವುದು ಆಕ್ಸಿಜನ್. ಅದಕ್ಕೇ ಆ ಸಂಯುಕ್ತವನ್ನು ಫ್ಲೋರಿನ್ ಆಕ್ಸೈಡ್ ಅನ್ನದೆ ಆಕ್ಸಿಜನ್ ಡೈಫ್ಲೋರೈಡ್ ಅಂತ ಬರೆಯುತ್ತಾರೆ.